ನಡೆಯೋಕೆ ಬರೋರಿಗೆ ವೀಲ್‌ಚೇರ್ ಯಾಕೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಅಮೆರಿಕಕ್ಕೆ ಹೋಗೋರು ಅಂದ್ರೆ ಈಗ ಬರೀ ಎಂಜಿನಿಯರುಗಳಲ್ಲ. ಅವರ ಅಪ್ಪ ಅಮ್ಮಂದಿರೂ ಹೋಗ್ತಾರೆ. ಮಗಳ ಬಾಣಂತನ, ಮೊಮ್ಮಗನ ನಾಮಕರಣ, ಏನಾದ್ರೂ ಒಂದು ಇರುತ್ತೆ. ಟಿಕೆಟ್ ಬುಕ್ ಮಾಡುವಾಗ ಮಕ್ಕಳು ಒಂದು ಬಾಕ್ಸ್ ಟಿಕ್ ಮಾಡ್ತಾರೆ: ವೀಲ್‌ಚೇರ್ ಅಸಿಸ್ಟೆನ್ಸ್. ನಮ್ಮ ದೊಡ್ಡಮ್ಮನಿಗೂ ಹಾಗೇ ಮಾಡಿದ್ರು. ಮಳವಳ್ಳಿ ಹತ್ತಿರದ ಊರಲ್ಲಿ ದಿನಾ ಗದ್ದೆಗೆ ನಡೆದು ಹೋಗಿ ಬರೋ ಹೆಂಗಸು ಅವರು. ಕಾಲು ಗಟ್ಟಿ ಇದೆ. ಇಂಗ್ಲಿಷ್ ಬರಲ್ಲ, ಅಷ್ಟೇ.

ನನಗಿದು ಸರಿ ಕಾಣಲ್ಲ. ಟಿಕ್ ಮಾಡೋ ಮಕ್ಕಳ ಮೇಲೆ ಸಿಟ್ಟಿಲ್ಲ. ಗೊತ್ತಿಲ್ಲದ ಊರಲ್ಲಿ ವಿಮಾನ ಬದಲಾಯಿಸೋಕೆ ಒಂದೂವರೆ ಗಂಟೆ ಮಾತ್ರ ಇದ್ದರೆ ಯಾರಾದರೂ ಹಾಗೇ ಮಾಡ್ತಾರೆ. ಆದರೆ ಅಲ್ಲಿ ಬೇಕಾಗಿರೋದು ಕುರ್ಚಿ ಅಲ್ಲ, ಕುರ್ಚಿ ತಳ್ಳೋ ಮನುಷ್ಯ. ದಾರಿ ಗೊತ್ತಿರೋನು. ಕೆಲವು ಏರ್‌ಲೈನ್‌ಗಳಲ್ಲಿ ಕುರ್ಚಿ ಇಲ್ಲದೆ ಬರೀ ಜೊತೆಗೆ ಬರೋ ‘ಮೀಟ್ ಅಂಡ್ ಅಸಿಸ್ಟ್’ ಸೇವೆ ಇದೆ, ಅದನ್ನ ನಾವಾಗೇ ಕೇಳಿ ಪಡೀಬೇಕು. ಕೇಳದೆ ಎಲ್ಲರೂ ಕುರ್ಚಿ ತಗೊಂಡ್ರೆ ನಿಜವಾಗಲೂ ಮಂಡಿ ಸವೆದಿರೋರು ಸಾಲಲ್ಲಿ ಕಾಯಬೇಕಾಗುತ್ತೆ. ಇನ್ನೊಂದು ವಿಷಯ: ಜೀವನಪೂರ್ತಿ ಮನೆ, ಹೊಲ, ಹಸು ಎಲ್ಲಾ ನೋಡ್ಕೊಂಡವರ ಮೊದಲ ವಿದೇಶ ಪ್ರವಾಸ ‘ನಿಮ್ಮ ಕೈಲಿ ಆಗಲ್ಲ, ಕೂತ್ಕೊಳ್ಳಿ’ ಅಂತ ಶುರುವಾಗುತ್ತೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪರವಾಗಿಲ್ಲ, ಫಲಕಗಳಲ್ಲಿ ಕನ್ನಡ ಇದೆ. (‘ನಿರ್ಗಮನ’ದ ಅರ್ಥ ನನ್ನಂಥ ಇಂಗ್ಲಿಷ್ ಮೀಡಿಯಂನವನಿಗೆ ಪಕ್ಕದ ಇಂಗ್ಲಿಷ್ ಓದಿದ ಮೇಲೇ ಹೊಳೆಯೋದು, ಅದು ಬೇರೆ ಮಾತು.) 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ಅಲ್ಲಿಂದ ವಿಮಾನ ಮೇಲೇರಿದ ಮೇಲೆ ಕನ್ನಡ ಫಲಕದ ಕಥೆ ಮುಗೀತು. ಫೋನಲ್ಲಿ ಟ್ರಾನ್ಸ್‌ಲೇಟ್ ಆ್ಯಪ್ ಇದೆಯಲ್ಲ ಅಂತೀರಾ? ಇದೆ, ಕನ್ನಡವನ್ನ ಆಫ್‌ಲೈನಿಗೂ ಡೌನ್‌ಲೋಡ್ ಮಾಡ್ಕೋಬಹುದು. ಅದು ಫಲಕದ ಪದಕ್ಕೆ ಅರ್ಥ ಹೇಳುತ್ತೆ, ಆಮೇಲೆ ಏನು ಮಾಡಬೇಕು ಅಂತ ಹೇಳಲ್ಲ.

ಉದಾಹರಣೆಗೆ, ಬೆಂಗಳೂರಿಂದ ಹೊರಟು ಶಿಕಾಗೋದಲ್ಲಿ ಇಳಿದು ಡಲ್ಲಾಸಿಗೆ ಹೋಗಬೇಕು ಅಂದ್ಕೊಳ್ಳಿ. ಬ್ಯಾಗಿನ ಚೀಟಿ ಮೇಲೆ ಡಲ್ಲಾಸ್ ಅಂತಲೇ ಇರುತ್ತೆ. ಆದ್ರೂ ಅಮೆರಿಕದಲ್ಲಿ ಮೊದಲು ಇಳಿಯೋ ಊರಲ್ಲೇ ಬ್ಯಾಗ್ ಎತ್ಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಕೊಡಬೇಕು. (ಅಬುಧಾಬಿ ಮೇಲೆ ಹೋದರೆ ಅಮೆರಿಕದ ತಪಾಸಣೆ ಅಲ್ಲೇ ಮುಗಿಯುತ್ತೆ, ಈ ರಗಳೆ ಇಲ್ಲ.) ಇದು ಇಂಗ್ಲಿಷ್ ಬರೋರಿಗೂ ಹೇಳದೆ ಗೊತ್ತಾಗಲ್ಲ. ಕರಿಬೇವಿನ ಕಥೆಯೂ ಹಾಗೇ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡೋ ಒಂದು ಸಣ್ಣ ಕೀಟ ಕರಿಬೇವಿನ ಎಲೆ ಮೇಲೂ ಬದುಕುತ್ತೆ, ಅದಕ್ಕೇ ಹಸಿ ಎಲೆ ಒಳಗೆ ಬಿಡಲ್ಲ. ಬೆಲ್ಲ, ಸಾಂಬಾರ್ ಪುಡಿ ಇದ್ದರೆ ಇದೆ ಅಂತ ಹೇಳಬೇಕು. ಮುಚ್ಚಿಟ್ಟರೆ ದಂಡ. ಕಾರಣ ಸಮೇತ ಹೇಳಿದ್ರೆ ರೈತರ ಮನೆಯವರಿಗೆ ನಮಗಿಂತ ಬೇಗ ಅರ್ಥ ಆಗುತ್ತೆ. ‘ಅಮ್ಮಾ, ಕರಿಬೇವು ಇಡಬೇಡ’ ಅಂತ ಬರೀ ರೇಗಿದ್ರೆ ಸೀರೆ ಮಡಿಕೆಯಲ್ಲಿ ಇಟ್ಟೇ ಇಡ್ತಾರೆ.

ಅಮ್ಮಂದಿರಿಗೆ ವೀಲ್‌ಚೇರ್ ಆದ್ರೆ ಅಪ್ಪಂದಿರಿಗೆ ಕಾರಿನ ಹಿಂದಿನ ಸೀಟು. ಮೂವತ್ತು ವರ್ಷ ಟ್ರ್ಯಾಕ್ಟರ್, ಜೀಪು ಓಡಿಸಿದೋರು ಅಲ್ಲಿ ಹಾಲು ತರೋಕೂ ಮಗ ಆಫೀಸಿಂದ ಬರಲಿ ಅಂತ ಕಾಯ್ತಾರೆ. ನಮ್ಮ ಆರ್‌ಟಿಓದಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಸಿಗುತ್ತೆ ಅನ್ನೋದು ಊರಲ್ಲಿ ಎಷ್ಟು ಜನಕ್ಕೆ ಗೊತ್ತು? ಫಾರಂ 4ಎ, ಪಾಸ್‌ಪೋರ್ಟ್, ವೀಸಾ, 1000 ರೂಪಾಯಿ ಫೀಸು. ಒಂದು ವರ್ಷ ನಡೆಯುತ್ತೆ. ಅದೊಂದೇ ಸಾಲದು, ಊರಿನ ಲೈಸೆನ್ಸೂ ಜೇಬಲ್ಲಿರಬೇಕು. ಬಾಡಿಗೆ ಕಾರಾದ್ರೆ ಕೌಂಟರಿನಲ್ಲೇ ಅಪ್ಪನ ಹೆಸರನ್ನ ಎರಡನೇ ಡ್ರೈವರ್ ಅಂತ ಸೇರಿಸಬೇಕು. ಇಲ್ಲಾಂದ್ರೆ ಏನಾದ್ರೂ ಆದಾಗ ಇನ್ಶೂರೆನ್ಸ್ ಕೈ ಎತ್ತುತ್ತೆ. ನಮ್ಮ ವಯಸ್ಸಿನೋರು ಕೇಳಿದ್ರೆ, 25 ಆಗೋವರೆಗೆ ಸಾಮಾನ್ಯವಾಗಿ ಎಕ್ಸ್‌ಟ್ರಾ ದುಡ್ಡು!

ಓಡಿಸೋದೇನೋ ಕಲೀಬಹುದು. ಸ್ಟೀರಿಂಗ್ ಎಡಕ್ಕೆ, ಗಾಡಿ ಬಲಕ್ಕೆ. ಇಂಡಿಕೇಟರ್ ಇರೋದೂ ಎಡಗೈಗೆ, ಹಾಗಾಗಿ ಮೊದಲ ದಿನ ಪ್ರತಿ ತಿರುವಲ್ಲೂ ವೈಪರ್ ಆಡುತ್ತೆ. ಎಕ್ಸಿಟ್ ಅನ್ನೋದು ನಮ್ಮೋರಿಗೆ ಹೊಸದಲ್ಲ. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆದಮೇಲೆ, ಮದ್ದೂರಿನ ಎಕ್ಸಿಟ್ ತಪ್ಪಿದ್ರೆ ಮುಂದಿನದಕ್ಕೇ ಹೋಗಬೇಕು ಅನ್ನೋದು ಎಲ್ಲರಿಗೂ ಗೊತ್ತಾಗಿದೆ. ಕಷ್ಟ ಇರೋದು ಅಭ್ಯಾಸಗಳಲ್ಲಿ. ಇಲ್ಲಿ ಪೊಲೀಸ್ ಕೈ ತೋರಿಸಿದ್ರೆ ಇಳಿದು ಹೋಗಿ ‘ಏನ್ ಸಾರ್’ ಅಂತ ಮಾತಾಡೋದು ಮರ್ಯಾದೆ. ಅಲ್ಲಿ ಇಳಿದ್ರೆ ಅಪಾಯ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಕೂತಿರಬೇಕು. ಇದನ್ನ ಕನ್ನಡದಲ್ಲಿ, ಹೊರಡೋ ಮುಂಚೆ, ಯಾರಾದ್ರೂ ಕೂರಿಸಿಕೊಂಡು ಹೇಳಬೇಕು.

ಆ ಯಾರಾದ್ರೂ ನಾವೇ ಆಗಬಾರದಾ? 2024ರ ಡಿಸೆಂಬರಿನಲ್ಲಿ 87ನೇ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲೇ ನಡೀತು. ಅಚ್ಚಕನ್ನಡದ ಜಿಲ್ಲೆ ಅಂತ ಎಲ್ಲರೂ ಹೊಗಳ್ತಾರೆ. ನಮ್ಮ ಸಂಘವೂ ಪ್ರತಿ ನವೆಂಬರಿನಲ್ಲಿ ಬಾವುಟ, ಹಾಡು, ಡ್ಯಾನ್ಸು ಮಾಡುತ್ತೆ. ಮಾಡಲಿ, ನಾನೂ ಕುಣೀತೀನಿ. ಅದರ ಜೊತೆಗೆ ಈ ಸಲ ದಪ್ಪ ಅಕ್ಷರದಲ್ಲಿ ಎರಡು ಪುಟದ ಒಂದು ಹಾಳೆ ಮಾಡೋಣ: ಒಂದು ಪುಟ ಏರ್‌ಪೋರ್ಟು, ಇನ್ನೊಂದು ಕಾರು. ಜೊತೆಗೆ ‘ನನಗೆ ಕನ್ನಡ ಮಾತ್ರ ಬರುತ್ತೆ, ನನ್ನ ಗೇಟ್ ಎಲ್ಲಿ ತೋರಿಸಿ’ ಅಂತ ಎರಡೂ ಭಾಷೆಯಲ್ಲಿರೋ ಒಂದು ಕಾರ್ಡ್. ಅಕ್ಕನೋ ಅಣ್ಣನೋ ಹೊರದೇಶದಲ್ಲಿ ಇರೋರು ಅವರಿಗೆ ಫೋನ್ ಮಾಡಿ ವಿಷಯ ಸರಿ ಇದೆಯಾ ಅಂತ ಕೇಳಲಿ. ಪ್ರಿಂಟಿಗೆ ಕೊಡೋ ಮುಂಚೆ ಹಾಸ್ಟೆಲ್ ಮೆಸ್ಸಿನವರಿಗೆ ಓದೋಕೆ ಕೊಡೋಣ. ಅವರು ಎಡವಿದ ಸಾಲನ್ನೆಲ್ಲ ಮತ್ತೆ ಬರೆಯೋಣ.