ಉಚಿತ ತಂತ್ರಾಂಶ ಕೈಕೊಟ್ಟರೆ ಕೇಳುವವರೇ ಇಲ್ಲವೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸೋಣ ಎಂದುಕೊಂಡವರಿಗೆ ಎರಡು ಬಗೆಯ ಮಾತು ಕೇಳಿಸುತ್ತದೆ. ‘ಪುಕ್ಕಟೆ ಸಾಫ್ಟ್‌ವೇರ್ ಕೆಟ್ಟರೆ ಕೇಳುವವರಿಲ್ಲ’ ಎನ್ನುವುದು ಒಂದು. ‘ನೆಟ್‌ನಲ್ಲಿ ಕೇಳಿದರೆ ಎಲ್ಲಕ್ಕೂ ಉತ್ತರ ಸಿಗುತ್ತದೆ, ದುಡ್ಡು ಯಾಕೆ ದಂಡ?’ ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ.

ಬೆಂಬಲ ಎಂದರೆ ಏನು?

ಇದರಲ್ಲಿ ಎರಡು ಭಾಗಗಳಿವೆ: ಸುರಕ್ಷತೆಯ ಅಪ್‌ಡೇಟ್‌ಗಳು ಮತ್ತು ತೊಂದರೆಯಾದಾಗ ಸಿಗುವ ಸಹಾಯ. ಉದಾಹರಣೆಗೆ, 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ಕ್ಕೆ ಐದು ವರ್ಷ ಉಚಿತ ಅಪ್‌ಡೇಟ್ ಇದೆ. ಉಬುಂಟು ಪ್ರೊ ಪಡೆದರೆ ಈ ಅವಧಿ ಹತ್ತು ವರ್ಷವಾಗುತ್ತದೆ. ಸ್ವಂತ ಬಳಕೆಯ ಐದು ಕಂಪ್ಯೂಟರ್‌ಗಳವರೆಗೆ ಅದೂ ಉಚಿತ. ಆದರೆ ಕಂಪನಿಯ ಎಂಜಿನಿಯರ್ ನಿಮ್ಮ ತೊಂದರೆ ನೋಡಬೇಕಾದರೆ ಬೇರೆಯಾಗಿ ಹಣ ಕೊಡಬೇಕು.

ಸಮುದಾಯದ ಬಲ, ಮಿತಿ

ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಕನ್ನಡ ಕೀಲಿಮಣೆ ಬರುತ್ತಿಲ್ಲ ಎಂಬಂಥ ಸಮಸ್ಯೆಗಳು ಸಾವಿರಾರು ಜನರಿಗೆ ಬಂದಿರುತ್ತವೆ. ಬಳಕೆದಾರರೇ ಬರೆದಿಟ್ಟ ಪರಿಹಾರಗಳೂ ಇರುತ್ತವೆ. ಆದರೆ ಉತ್ತರಿಸುವವರು ಸ್ವಯಂಸೇವಕರು; ಇವತ್ತೇ ಉತ್ತರಿಸಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಇನ್ನೊಂದು ಎಚ್ಚರ: ಎಲ್ಲರಿಗೂ ಕಾಣುವಂತೆ ಪ್ರಶ್ನೆ ಕೇಳುವಾಗ ಸ್ಕ್ರೀನ್‌ಶಾಟ್‌ನಲ್ಲಿ ಗ್ರಾಹಕರ ಹೆಸರು, ಪಾಸ್‌ವರ್ಡ್ ಇರಬಾರದು.

ಹಣ ಕೊಟ್ಟರೆ ಖಾತರಿಯೇ?

ಹಣ ಕೊಟ್ಟಾಗ ಸಿಗುವುದು ಒಪ್ಪಂದ. ಅದನ್ನು ಓದಿ ನೋಡಿ. ‘ನಾಲ್ಕು ಗಂಟೆಯೊಳಗೆ ಪ್ರತಿಕ್ರಿಯೆ’ ಎಂದಿದ್ದರೆ ನಾಲ್ಕು ಗಂಟೆಯಲ್ಲಿ ಯಾರಾದರೂ ಮಾತನಾಡುತ್ತಾರೆ ಎಂದರ್ಥ, ಸಮಸ್ಯೆ ಸರಿಹೋಗುತ್ತದೆ ಎಂದಲ್ಲ. ಭಾನುವಾರ, ರಾತ್ರಿ ವೇಳೆ ಸೇವೆ ಇದೆಯೇ ಎಂಬುದನ್ನೂ ಕೇಳಿ.

ಒಪ್ಪಂದವಿಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ಸೆಂಟ್‌ಓಎಸ್ ಒಳ್ಳೆಯ ಉದಾಹರಣೆ. ರೆಡ್ ಹ್ಯಾಟ್ ಕಂಪನಿ ಹಣಕ್ಕೆ ಕೊಡುವ ಲಿನಕ್ಸ್‌ನ ಉಚಿತ ರೂಪವಾಗಿತ್ತು ಅದು. 2019ರಲ್ಲಿ ಬಂದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆಂದು ನಂಬಿ ಹಲವರು ಸರ್ವರ್‌ಗಳಿಗೆ ಹಾಕಿಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ಬಂದ ಪ್ರಕಟಣೆ, 2021ರ ಕೊನೆಗೇ ಎಲ್ಲ ಮುಗಿಯುತ್ತದೆ ಎಂದಿತು. ಬಳಕೆದಾರರಿಗೆ ಉಳಿದದ್ದು ಒಂದೇ ವರ್ಷ. ಆದರೆ ಮೂಲ ಕೋಡ್ ಮುಕ್ತವಾಗಿದ್ದುದರಿಂದ 2021ರಲ್ಲೇ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎಂಬ ಬದಲಿಗಳು ಬಂದವು. ಕೋಡ್ ಮುಚ್ಚಿಟ್ಟ ತಂತ್ರಾಂಶವನ್ನು ಕಂಪನಿ ಕೈಬಿಟ್ಟರೆ ಹೀಗೆ ಬೇರೆಯವರು ಮುಂದುವರಿಸಲು ಆಗುವುದಿಲ್ಲ.

ಹಾಗಾದರೆ ಯಾವುದು ಸರಿ?

‘ಇದು ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಲ್ಲೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮನೆಯ ಕಂಪ್ಯೂಟರ್ ಎರಡು ದಿನ ನಿಂತರೂ ನಡೆಯುತ್ತದೆ. ಅಲ್ಲಿ ಸಮುದಾಯ ಸಾಕು. ಆಸ್ಪತ್ರೆಯ ದಾಖಲೆ, ಸಹಕಾರ ಸಂಘದ ಲೆಕ್ಕ ಒಂದು ಗಂಟೆ ನಿಂತರೂ ಜನ ಸಾಲಿನಲ್ಲಿ ಕಾಯಬೇಕು. ಅಲ್ಲಿ ಒಪ್ಪಂದ ಬೇಕು. ನಡುವಿನ ದಾರಿಯೂ ಇದೆ: ಮುಕ್ತ ತಂತ್ರಾಂಶ ಬಳಸಿ, ಅದನ್ನು ಬಲ್ಲ ಸ್ಥಳೀಯ ತಂತ್ರಜ್ಞರಿಗೆ ವರ್ಷಕ್ಕಿಷ್ಟು ಎಂದು ಹಣ ಕೊಡುವುದು. ಯಾವ ದಾರಿ ಹಿಡಿದರೂ ಬ್ಯಾಕಪ್ ಇಟ್ಟುಕೊಳ್ಳುವ ಹೊಣೆ ನಿಮ್ಮದೇ.

ಕೊನೆಯದಾಗಿ, ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂದು ತಾವಾಗಿಯೇ ಕರೆ ಮಾಡುವವರು ಬೆಂಬಲ ಸಿಬ್ಬಂದಿಯಲ್ಲ, ವಂಚಕರು. ಸಹಾಯವಾಣಿಯ ಸಂಖ್ಯೆಯನ್ನು ಫಾರ್ವರ್ಡ್ ಸಂದೇಶದಿಂದ ತೆಗೆದುಕೊಳ್ಳಬೇಡಿ, ಕಂಪನಿಯ ಅಧಿಕೃತ ಜಾಲತಾಣದಲ್ಲೇ ನೋಡಿ.