ಕೊಳ್ಳೆಯಾದ ಮೇಲೆ ಕೋಟೆ ಬಾಗಿಲು

ಶಿವಮೊಗ್ಗದ ಆಲ್ಕೊಳದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು ಮೊದಲು ನಕ್ಷೆ ಮಂಜೂರು ಮಾಡಿಸಿಕೊಳ್ಳಬೇಕು, ಪಾಯ ತೆಗೆಯುವುದು ಆಮೇಲೆ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ 2006ರ ಪರಿಸರ ಅಧಿಸೂಚನೆ ಹೇಳುವುದೂ ಅದನ್ನೇ: ಮೊದಲು ಪರಿಸರ ಅನುಮತಿ, ಆಮೇಲೆ ಕೆಲಸ. ಕೆಲಸ ಶುರುಮಾಡಿದ ಮೇಲೆ ಅನುಮತಿ ಕೊಡುವ ಪದ್ಧತಿಯನ್ನು ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 16ರಂದು ರದ್ದುಮಾಡಿತು. ಬಿಲ್ಡರುಗಳ ಒಕ್ಕೂಟವಾದ ಕ್ರೆಡಾಯ್ ಮರುಪರಿಶೀಲನೆ ಕೋರಿತು. ನವೆಂಬರ್ 18ರಂದು 2:1 ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಲಾಯಿತು. ಇದನ್ನು ಮೆಚ್ಚಿದವರ ವಾದಗಳನ್ನು ಬಿಡಿಸಿ ಮುಂದಿಡುತ್ತೇನೆ, ತೂಗುವ ಕೆಲಸ ಓದುಗರದು.

‘ಹಳೆಯ ತೀರ್ಪುಗಳು ಮೇ ಪೀಠದ ಗಮನಕ್ಕೆ ಬಂದಿರಲಿಲ್ಲ, ಹಾಗಾಗಿ ಮರುಪರಿಶೀಲನೆ ಸರಿ’ ಎನ್ನುತ್ತಾರೆ. ಕೆಲಸದ ನಂತರದ ಅನುಮತಿಯನ್ನು ಒಪ್ಪಿದ 2022ರ ಪಹ್ವಾ ಪ್ಲಾಸ್ಟಿಕ್ಸ್ ತೀರ್ಪನ್ನೂ, ನಮ್ಮ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿವಾದಿಯಾಗಿದ್ದ ಅದೇ ವರ್ಷದ ಇನ್ನೊಂದನ್ನೂ ತೋರಿಸುತ್ತಾರೆ. ಸರಿ. ಆದರೆ ಅವಕ್ಕಿಂತ ಮುಂಚೆ ಅಂಥ ಅನುಮತಿ ಸಲ್ಲದೆಂದ 2017ರ ಕಾಮನ್ ಕಾಸ್, 2020ರ ಅಲೆಂಬಿಕ್ ತೀರ್ಪುಗಳಿದ್ದವಲ್ಲ! ಹಿಂದಿನದನ್ನು ಬಿಟ್ಟದ್ದು ತಪ್ಪೆಂದಾದರೆ ಆ ತಪ್ಪು ಮೊದಲು 2022ರ ತೀರ್ಪುಗಳಿಗೆ ಅಂಟುತ್ತದೆ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಹಿಡಿದದ್ದೂ ಈ ಎಳೆಯನ್ನೇ.

‘ಅಲೆಂಬಿಕ್‌ನಲ್ಲೇ ದಂಡ ಹಾಕಿ ಕಾರ್ಖಾನೆ ಉಳಿಸಲಿಲ್ಲವೇ?’ ಉಳಿಸಿದರು, ತಲಾ 10 ಕೋಟಿ ದಂಡ ಹಾಕಿ. ಅದು ಎದುರಿಗಿದ್ದ ಮೂರು ಕಾರ್ಖಾನೆಗಳಿಗೆ ನ್ಯಾಯಾಲಯ ತನ್ನ ವಿಶೇಷಾಧಿಕಾರದಲ್ಲಿ ಕೊಟ್ಟ ಪರಿಹಾರ. ವೈದ್ಯರು ಒಬ್ಬ ರೋಗಿಗೆ ಬರೆದುಕೊಟ್ಟ ಚೀಟಿಯನ್ನು ಔಷಧಿ ಅಂಗಡಿಯವನು ಊರಿಗೆಲ್ಲ ಹಂಚಬಹುದೇ?

‘ಇದು ಒಂದೇ ಬಾರಿಯ ವಿನಾಯಿತಿ’ ಎಂಬ ವಾದವಂತೂ ಸೊಗಸಾಗಿದೆ. 2017ರ ಮಾರ್ಚ್ 14ರ ಅಧಿಸೂಚನೆ ತಪ್ಪಿತಸ್ಥರಿಗೆ ಅನುಮತಿಗೆ ಅರ್ಜಿ ಹಾಕಲು ಆರು ತಿಂಗಳ ಗಡುವು ಕೊಟ್ಟಿತು. ಒಂದೇ ಬಾರಿ ಎಂದು ಕೇಂದ್ರ ಸರ್ಕಾರ ಮದ್ರಾಸ್ ಹೈಕೋರ್ಟಿಗೆ ಮುಚ್ಚಳಿಕೆಯ ಮಾತು ಕೊಟ್ಟಿತ್ತು. 2021ರ ಜುಲೈ 7ರಂದು ಕಚೇರಿ ಜ್ಞಾಪನವೊಂದು ಹೊರಟು ಅದೇ ಬಾಗಿಲನ್ನು ಮತ್ತೆ ತೆರೆಯಿತು, ಈ ಸಲ ಗಡುವೂ ಇಲ್ಲ. ಸರ್ಕಾರದ ಎಣಿಕೆಯಲ್ಲಿ ಒಂದಾದ ಮೇಲೆ ಎರಡು ಬರುವುದಿಲ್ಲವೆಂದು ಕಾಣುತ್ತದೆ.

ಕೊನೆಯದು, ಕಣ್ಣೀರಿನ ವಾದ: ‘ಸುಮಾರು 20,000 ಕೋಟಿ ರೂಪಾಯಿಯ ಕಾಮಗಾರಿ ನೆಲಸಮವಾಗುತ್ತದೆ, ಒಡಿಶಾದ 962 ಹಾಸಿಗೆಯ ಏಮ್ಸ್, ವಿಜಯನಗರದ ವಿಮಾನ ನಿಲ್ದಾಣ ಏನಾಗಬೇಕು?’ ಮೇ ತೀರ್ಪು ಓದಿದವರು ಹೀಗೆ ಕೇಳುವಾಗ ಸ್ವಲ್ಪ ತಡವರಿಸಬೇಕಿತ್ತು. ಅದುವರೆಗೆ ಸಿಕ್ಕ ಅನುಮತಿಗಳಿಗೆ ಧಕ್ಕೆಯಿಲ್ಲವೆಂದು ಅದರಲ್ಲೇ ಬರೆದಿತ್ತು. ಉಳಿದವರು ಅನುಮತಿಯಿಲ್ಲವೆಂದು ಗೊತ್ತಿದ್ದೇ ಕಟ್ಟಿದವರು. ಸರ್ಕಾರಿ ಸಂಸ್ಥೆಗಳಿಗೆ ಸರ್ಕಾರದ್ದೇ ಅಧಿಸೂಚನೆ ತಿಳಿದಿರಲಿಲ್ಲ ಎಂದು ಯಾರೂ ವಾದಿಸಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಉಳಿಯಿತು. ಕಟ್ಟಡ ದೊಡ್ಡದು, ಕೆಡವಿದರೆ ನಷ್ಟ ಎನ್ನುವುದೇ ನ್ಯಾಯವಾದರೆ, ನಕ್ಷೆ ಮೀರಿ ಒಂದಡಿ ಬಾಲ್ಕನಿ ಚಾಚಿದ ನಮ್ಮ ಬೀದಿಯ ಬಡಪಾಯಿ ಮಾಡಿದ ತಪ್ಪು ಒಂದೇ: ಇನ್ನೂ ಹತ್ತು ಮಹಡಿ ಏರಿಸಲಿಲ್ಲ.

ಮರುಪರಿಶೀಲನೆ ಎಂದರೆ ಮೇಲ್ನೋಟಕ್ಕೇ ಕಾಣುವ ದೋಷ ತಿದ್ದುವುದು, ವೇಷ ಬದಲಿಸಿದ ಮೇಲ್ಮನವಿ ಅಲ್ಲ. ಮೇ ತೀರ್ಪಿಗೆ ಸಹಿ ಹಾಕಿದ ಇಬ್ಬರಲ್ಲಿ ಅಭಯ್ ಓಕಾ ಅದೇ ತಿಂಗಳು ನಿವೃತ್ತರಾದರು. ಇನ್ನೊಬ್ಬರು ಭುಯಾನ್, ಅವರಿಗೆ ನವೆಂಬರಿನಲ್ಲೂ ಆ ದೋಷ ಕಾಣಲಿಲ್ಲ.