ಜುಲಾಬು ಎಂಬ ಮಾತು ಮತ್ತು ನಮ್ಮ ಸಂಕೋಚ

ಶಿಕಾರಿಪುರ ಎಂಬ ಹೆಸರಿನಲ್ಲೇ ಪಾರಸಿಯ ‘ಶಿಕಾರಿ’ಯೂ ಸಂಸ್ಕೃತದ ‘ಪುರ’ವೂ ಕೂಡಿವೆ. ಅಲ್ಲಿಯೂ ನೆರೆಯ ಸೊರಬದಲ್ಲಿಯೂ ಮನೆಯೊಳಗೆ ಉರ್ದು, ಹೊರಗೆ ಕನ್ನಡ ಆಡುವ ನಮ್ಮ ಕುಟುಂಬಗಳ ಮನೆಮದ್ದಿನ ಮಾತೂ ಹಾಗೆಯೇ. ಅಳಲೆಕಾಯಿ ನಮಗೆ ಹರಡ, ಕಕ್ಕೆಕಾಯಿ ಅಮಲ್ತಾಸ್, ಸೋನಾಮುಖಿ ಸನಾಮಕ್ಕಿ. ವೈದ್ಯರ ತ್ರಿಫಲ ಹಕೀಮರಲ್ಲಿ ಇತ್ರೀಫಲ್ ಆಯಿತು. ಪನ್ನೀರಿನ ಹೆಸರಾದ ಪಾರಸಿಯ ‘ಗುಲಾಬ್’ ಅರಬಿಯಲ್ಲಿ ‘ಜುಲಾಬ್’ ಎಂಬ ಸಿಹಿಪಾನಕವಾಗಿ, ಕೊನೆಗೆ ನಮ್ಮಲ್ಲಿ ಹೊಟ್ಟೆ ತೊಳೆಯುವ ಮದ್ದಿನ ಹೆಸರಾಯಿತು.

ದೇಹಬಾಧೆಯನ್ನು ಮರೆಯಾಗಿ ಹೇಳುವುದು ಸಭ್ಯತೆ. ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 43ನೇ ಸೂಕ್ತದಲ್ಲಿ ಇದಕ್ಕೆ ಬಳಸುವ ‘ಗಾಇತ್’ ಎಂಬ ಪದದ ಮೂಲಾರ್ಥ ತಗ್ಗು ನೆಲ. ಕನ್ನಡದ ‘ಬಹಿರ್ದೆಸೆ’ಯಲ್ಲಿಯೂ ಅದೇ ಲಜ್ಜೆಯಿದೆ. ಆದರೆ ಮರೆಮಾತು ಬೇರೆ, ಮೌನ ಬೇರೆ.

ನಮ್ಮಲ್ಲಿ ‘ಜುಲಾಬು’, ‘ಭೇದಿ’ ಎಂಬ ಮಾತುಗಳು ಕಾಯಿಲೆಗೂ ಸಲ್ಲುತ್ತವೆ, ಮದ್ದಿಗೂ ಸಲ್ಲುತ್ತವೆ. ಮಗುವಿಗೆ ಜುಲಾಬಾಗಿದೆ ಎಂದಷ್ಟೇ ಹೇಳಿ, ಹಿಂದಿನ ರಾತ್ರಿ ಹರಳೆಣ್ಣೆ ಕುಡಿಸಿದ್ದನ್ನು ಹೇಳದಿದ್ದರೆ ವೈದ್ಯರು ಕಾರಣವನ್ನು ಬೇರೆಡೆ ಹುಡುಕುತ್ತಾರೆ. ಅತ್ತೆ ಮಾವಂದಿರ ಎದುರು ಮಲಬದ್ಧತೆಯ ಮಾತೆತ್ತಲಾರದ ಸೊಸೆ ತಿಂಗಳುಗಟ್ಟಲೆ ಗುಟ್ಟಾಗಿ ಸೋನಾಮುಖಿ ಪುಡಿ ನುಂಗುತ್ತಾಳೆ. ದೀರ್ಘಕಾಲ ಹೀಗೆ ಸೇವಿಸಿದರೆ ದೇಹದ ಪೊಟ್ಯಾಸಿಯಂ ಕುಸಿಯಬಹುದು. ಹರಳೆಣ್ಣೆ ಗರ್ಭಕೋಶವನ್ನು ಕೆರಳಿಸಬಲ್ಲದು. ಜಾಪಾಳವಂತೂ, ಅಂದರೆ ಜಮಾಲ್‌ಗೋಟಾ, ಶುದ್ಧಿ ಮಾಡದಿದ್ದರೆ ವಿಷವೇ ಸರಿ.

ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ಅವರ ಒಂದು ವರದಿ ತಿರ್ಮಿದಿ, ಇಬ್ನು ಮಾಜ ಸಂಗ್ರಹಗಳಲ್ಲಿದೆ. ಹೊಟ್ಟೆ ಸಡಿಲಿಸಲು ಏನನ್ನು ಬಳಸುತ್ತೀರಿ ಎಂದು ಪ್ರವಾದಿವರ್ಯರು(ಸ) ಅವರನ್ನು ಕೇಳಿದರು. ಆ ಪ್ರಶ್ನೆಯ ಅರಬಿ ಕ್ರಿಯಾಪದ ‘ನಡೆಯುವುದು’ ಎಂಬ ಧಾತುವಿನಿಂದ ಬಂದದ್ದು. ಎಂಥ ಮೃದುವಾದ ಮಾತು! ಶುಬ್ರುಮ್ ಎಂದು ಅವರು ಉತ್ತರಿಸಿದಾಗ ಅದು ಬಹಳ ಉಷ್ಣವೆಂದು ತಿಳಿಸಿದರು. ಬಳಿಕ ಅವರು ಸನಾ ಬಳಸಿದಾಗ ಅದನ್ನು ಪ್ರಶಂಸಿಸಿದರು.

ಈ ವರದಿಯಿಂದ ನಾವು ಸನಾದ ಪ್ರಶಂಸೆಯನ್ನಷ್ಟೇ ಆಯ್ದುಕೊಂಡಿದ್ದೇವೆ. ಸುನ್ನತ್ತಿನ ಮದ್ದೆಂದು ಅಳತೆಯಿಲ್ಲದೆ ನುಂಗುತ್ತೇವೆ, ಮೈ ತೆಳ್ಳಗಾಗಲೆಂದೂ ಕುಡಿಯುತ್ತೇವೆ. ಆದರೆ ಅಲ್ಲಿ ಮದ್ದಿಗಿಂತ ಮೊದಲು ಪ್ರಶ್ನೆಯಿದೆ, ನಿಸ್ಸಂಕೋಚವಾದ ಉತ್ತರವಿದೆ, ತೀಕ್ಷ್ಣವಾದುದನ್ನು ಬಿಡಿಸಿದ ವಿವೇಕವಿದೆ. ಅನುಸರಿಸಬೇಕಾದ ಮಾದರಿ ಆ ಮೂರೂ ಸೇರಿದ್ದು. ಹಕೀಮರೂ ಮೊದಲು ‘ಮುಂಝಿಜ್’ ಕೊಟ್ಟು ದೇಹವನ್ನು ಹದಗೊಳಿಸಿದ ನಂತರವೇ ‘ಮುಸ್‌ಹಿಲ್’ ಕೊಡುತ್ತಿದ್ದರು. ವಿರೇಚನಕ್ಕೆ ಮುನ್ನ ಸ್ನೇಹನ, ಸ್ವೇದನ ಮಾಡಿಸುವ ಆಯುರ್ವೇದದ ಕ್ರಮವೂ ಅದೇ. ಪರಂಪರೆ ಎಂದೂ ಅವಸರಪಟ್ಟಿಲ್ಲ, ಅವಸರ ನಮ್ಮದು.

ಆದ್ದರಿಂದ ಕಾರಣ ತಿಳಿಯದ ಹೊಟ್ಟೆನೋವಿಗೆ, ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ವೈದ್ಯರನ್ನು ಕೇಳದೆ ಯಾವ ಜುಲಾಬನ್ನೂ ಕೊಡದಿರೋಣ. ಹೊಟ್ಟೆನೋವು ಅಪೆಂಡಿಕ್ಸ್‌ನದಾಗಿದ್ದರೆ ಅದು ಪ್ರಾಣಕ್ಕೇ ಕುತ್ತು. ಕೊಟ್ಟಿದ್ದರೆ ಯಾವುದು, ಎಷ್ಟು, ಯಾವಾಗ ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳೋಣ. ಧರ್ಮದ ವಿಷಯ ಕಲಿಯಲು ಲಜ್ಜೆ ಅಡ್ಡಬರಲಿಲ್ಲವೆಂದು ಹಝ್ರತ್ ಆಯಿಶಾ(ರ) ಅನ್ಸಾರಿ ಮಹಿಳೆಯರನ್ನು ಮೆಚ್ಚಿದ್ದರು. ದೇಹವು ಅಲ್ಲಾಹನ ಅಮಾನತ್ತು. ಅದನ್ನು ಕಾಯಲು ಬೇಕಾದ ಮಾತು ನಮ್ಮ ಮನೆಗಳಲ್ಲಿ ಲಜ್ಜೆಗೇಡಿತನ ಎನಿಸಿಕೊಳ್ಳಬಾರದು.